ಮೊದಲ ಮಣ್ಣು ಕಂಡವರು

ಸೀಗಿ ಹುಣ್ಣಿಮೆ ಕಳೆದಿತ್ತು. ಹೊಲದಲ್ಲಿ ಹತ್ತಿ ಒಡೆದು ಬೆಳ್ಳಗೆ ನಿಂತ ದಿನಗಳು. ಬೆಳಗಿನ ಥಂಡಿ ಬಿಟ್ಟು, ಬಿಸಿಲು ರಂಗಂಪೇಟೆಯ ಓಣಿಯ ಕಲ್ಲುಗಳ ಮೇಲೆ ಕಾಲು ಚಾಚಿದ ಹೊತ್ತು. ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ ಆಟೋ ಆಗಷ್ಟೇ ಹೋಗಿ, ಅದರ ಧೂಳು ಇನ್ನೂ ನೆಲಕ್ಕೆ ಕೂತಿರಲಿಲ್ಲ. ಆ ಧೂಳಿನೊಳಗಿಂದ ಒಬ್ಬ ಹುಡುಗ ಬಂದು ಪರಿಮಳಾಳ ಬಾಗಿಲಲ್ಲಿ ನಿಂತ.

ಪರಿಮಳಾ ಮಷಿನ್ ತುಳಿಯುತ್ತಿದ್ದವಳು ಕಾಲು ನಿಲ್ಲಿಸಿದಳು. ಇಸ್ತ್ರಿ ಮಾಡಿದ ಅಂಗಿ. ನೀರು ಹಚ್ಚಿ ಬಾಚಿದ ಕೂದಲು. ಹೆಗಲಿಗೊಂದು ಚೀಲ.

"ಒಳಗ ಬರಬಹುದೇನ್ರಿ ಮೇಡಂ?"

ಅವಳಿಗೆ ಗೊತ್ತಾಗಿಹೋಯಿತು. ಯಾದಗಿರಿಯ ಹುಡುಗ ಈ ವಾರ ನೋಡಲು ಬರುತ್ತಾನೆಂದು ಸೋದರಮಾವ ಭಗವಂತರಾಯ ಹೇಳಿ ಕಳಿಸಿದ್ದ. ಹೇಳದೆ ಕೇಳದೆ ಒಬ್ಬನೇ ಬಂದಿದ್ದಾನೆ, ಚೀಲದಲ್ಲಿ ಬಾಳೆಹಣ್ಣು ಇದ್ದೀತು.

"ಬರ್ರಿ," ಅಂದಳು. "ಕೂಡೂಕಿಂತ ಮೊದಲು ಒಂದು ಮಾತು ಕೇಳ್ರಿ. ಈ ಮಷಿನ್ ಬಿಟ್ಟು ನಾ ಎಲ್ಲೀಗೂ ಬರಂಗಿಲ್ಲ. ನಮ್ಮ ಆಯೀನೂ ಬಿಡಂಗಿಲ್ಲ. ಇದಕ್ಕ ಒಪ್ಪಿಗಿ ಇದ್ರ ಕೂಡ್ರಿ. ಇಲ್ಲಂದ್ರ ನೀರು ಕುಡದು ಹೋಗ್ರಿ."

ಹುಡುಗ ಹೊಸ್ತಿಲ ಮೇಲೆ ಒಂದು ಕಾಲು ಇಟ್ಟವನು ಹಾಗೇ ನಿಂತ. ಅವಳ ಮುಖ ನೋಡಿದ. ಮಷಿನ್ ನೋಡಿದ. ಮೂಲೆಯ ಹೊರಸಿನ ಮೇಲೆ ಕೂತ ಮುದುಕಿಯನ್ನು ನೋಡಿದ.

"ಒಪ್ಪಿಗಿ ಅದರಿ," ಅಂದ. ಸ್ವಲ್ಪ ತಡೆದು, "ಆದ್ರ ನಾ ಮೋಟರ್ ಕೂಡಿಸಾಕ ಬಂದೇನಿ," ಅಂದ.

ಹೊರಸಿನ ಮೇಲಿಂದ ಪರಿಮಳಾಳ ಅಜ್ಜಿ, ಆಯಿ ಮೋನಮ್ಮ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪರಿಮಳಾಳ ಕಿವಿಯ ತುದಿಯವರೆಗೂ ಬಿಸಿ ಏರಿತು. ಶಹಾಪುರದ ಮಷಿನ್ ಮಿಸ್ತ್ರಿಗೆ ಫೋನ್ ಮಾಡಿದವಳು ಅವಳೇ. ಆ ದಿನ ಫೋನಿನಲ್ಲಿ ಬಂದ ಒಡಕು ದನಿ ಕೇಳಿ ಯಾರೋ ಮುದುಕನೆಂದುಕೊಂಡಿದ್ದಳು.

"ಅವತ್ತು ನೆಗಡಿ ಆಗಿತ್ರಿ," ಅಂದ ಅವನು, ಕೇಳದಿದ್ದರೂ. ಅವನ ಹೆಸರು ಅಂಬರೀಶ.

ಆ ಮಷಿನ್ ಪರಿಮಳಾಳ ತಾಯಿ ರೇಣಮ್ಮನದು. ರೇಣಮ್ಮ ಹೊಲಿಯುತ್ತಿದ್ದಾಗ ಮಗಳು ಕೆಳಗೆ ಕೂತು ತುಂಡು ಬಟ್ಟೆ ಆಯುತ್ತಿದ್ದಳು. ತಾಯಿ ಹೋದ ಮೇಲೆ ಮೇಲಿನ ಪೀಠಕ್ಕೆ ಬಂದು ಕೂತಳು, ಆಯಿಯನ್ನು ಸಾಕಿದಳು. ಹೆಣ್ಣು ಕೇಳಿ ಬಂದವರೆಲ್ಲ ಹುಡುಗಿ ಚಲೋ, ಕೈಗುಣ ಚಲೋ ಅನ್ನುವರು. ಕಡೆಗೆ, ನಮ್ಮ ಮನೆಯಲ್ಲಿ ಮಷಿನ್ ಬೇಡ ಅನ್ನುವರು. ಅವಳು ನೀರು ಕೊಟ್ಟು ಕಳಿಸುವಳು.

ಅಂಬರೀಶ ಮಷಿನ್ ಹಿಂದೆ ಹೋಗಿ ಬಗ್ಗಿದ. ಕಾಲಿನಿಂದ ತುಳಿಯುವ ಮಷಿನ್‌ಗೂ ಹಿಂಬದಿಯಲ್ಲಿ ಒಂದು ತೂತು ಇರುತ್ತದೆ. ಮುಂದೆಂದಾದರೂ ಮೋಟರ್ ಕೂಡಿಸಿಕೊಳ್ಳುವವರು ಸ್ಕ್ರೂ ಹಾಕಲೆಂದು ಬಿಟ್ಟದ್ದು. ರೇಣಮ್ಮನ ಕಾಲದಿಂದ ಅದು ಖಾಲಿ ಇತ್ತು. ಅವನು ಅದರ ಮೇಲಿನ ಧೂಳು ಒರೆಸಲು ಕೈ ಚಾಚಿದ. ಗುಂಯ್ ಎಂದು ಕಿವಿ ಸವರಿಕೊಂಡು ಏನೋ ಬಂದು ತೂತಿನ ಅಂಚಿಗೆ ಕೂತಿತು. ಅಂಬರೀಶ ಹಿಂದಕ್ಕೆ ಹಾರಿದ. ಒಂದು ಕಾಲು ಹೋಗಿ ತುಂಡು ಬಟ್ಟೆಯ ಬುಟ್ಟಿಯಲ್ಲಿ ಸಿಕ್ಕಿಕೊಂಡಿತು.

"ಸರೀರಿ ಹಿಂದಕ. ಕಡಜ ಅದ."

"ಬುಟ್ಟ್ಯಾಗಿಂದ ಕಾಲು ತಗೀರಿ ಮೊದಲು," ಅಂದಳು ಪರಿಮಳಾ.

"ನಗಬ್ಯಾಡ್ರಿ ಮೇಡಂ. ನಮ್ಮ ಅಣ್ಣನ ಮದುವಿ ದಿವಸ ಮೂಗಿಗೆ ಹೊಡದಿತ್ತು. ಮುಖ ಕುಂಬಳಕಾಯಿ ಆತು. ಒಂದು ಫೋಟೋದಾಗೂ ನಾ ಇಲ್ಲ."

ಅಷ್ಟರಲ್ಲಿ ಬಾಜೂ ಮನೆಯ ಖುರ್ಷೀದಬೇಗಂ ಬಟ್ಟೆಯ ಗಂಟು ಹಿಡಿದು ಒಳಗೆ ಬಂದಳು. ಅವಳ ಮಗಳು ಸಬಾಳ ನಿಕಾಹ್ ಹತ್ತಿರ ಬಂದಿತ್ತು. ಹೊಲಿಯುವುದು ರಾಶಿ ಇತ್ತು. ಮೋಟರ್ ತರಿಸಿದ್ದೂ ಅದಕ್ಕೇ. ಸಂಗತಿ ಕೇಳಿದವಳೇ, "ಕಸಬರಿಗಿಗೆ ಬೆಂಕಿ ಹಚ್ಚಿ ಹಿಡಿ ಬೇಟಿ, ಹೊಗಿಗೆ ಹೋಗ್ತದ," ಅಂದಳು.

"ತಡೀರಿ," ಅಂದಳು ಆಯಿ. ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು, ನೆರಳು ಎರಡೇ ಉಳಿದಿದ್ದವು. "ಯಾರು ಅಂತ ತಿಳೀದ ಬೆಂಕಿ ಹಚ್ಚಬಾರದು. ನನ್ನ ಕಣ್ಣು ಹೋದ್ರ ನಿಮ್ಮವು ಅದಾವಲ್ಲ. ನೋಡಿ ಹೇಳ್ರಿ. ಒಂದೇ ಅದನೋ, ಹಿಂಡು ಅದನೋ?"

"ಒಂದೇ ಆಯಿ," ಅಂದಳು ಪರಿಮಳಾ.

"ಹಾರಿ ಬರುವಾಗ ಕಾಲು ಜೋತು ಬಿಟ್ಟಿತ್ತೋ, ಮಡಚಿತ್ತೋ?"

"ಮಡಚಿತ್ತು."

"ಕಡಜ ಕಾಲು ಇಳಿಬಿಟ್ಟು ಹಾರ್ತದ. ಬಾಯಾಗ ಏನದ?"

ಅಂಬರೀಶ ಕುತ್ತಿಗೆ ಮುಂದೆ ಮಾಡಿ ನೋಡಿದ. ಕಾಲು ಇನ್ನೂ ಬುಟ್ಟಿಯಲ್ಲೇ ಇತ್ತು. "ಮಣ್ಣಿನ ಉಂಡಿ ಅದರಿ ಆಯಿ. ಜ್ವಾಳದ ಕಾಳಿನಷ್ಟು. ಹಸೀದು."

"ಹಂಗಾರ ಕಡಜ ಅಲ್ಲವೇ ಅಲ್ಲ. ಕಡಜ ಕಾಗದದಂಥಾ ಗೂಡು ಕಟ್ಟತದ, ಮಣ್ಣು ಮುಟ್ಟಂಗಿಲ್ಲ." ಆಯಿ ಹೊರಸಿನ ಹಗ್ಗದ ಮೇಲೆ ಬೆರಳಾಡಿಸುತ್ತ ನೆನಪು ತೆಗೆದಳು. "ಮಣ್ಣು ಹೊರೋದು ಬ್ಯಾರೆ ಬ್ಯಾರೆ ಜಾತಿ ಅದಾವ. ಒಂದು ಜ್ಯಾಡ ಹಿಡಿದು ತುಂಬತದ, ಅದರ ಸೊಂಟ ನೂಲಿನಂಗ. ಇನ್ನೊಂದು ಗ್ವಾಡಿ ಮ್ಯಾಲ ಸಣ್ಣ ಗಡಗಿ ಮಾಡ್ತದ. ಇದರ ಸೊಂಟ ಹ್ಯಾಂಗದ?"

ಪರಿಮಳಾ ಹುಳವನ್ನು ನೋಡಲೆಂದು ಸೆರಗು ಸಿಕ್ಕಿಸಿಕೊಂಡು ಬಗ್ಗಿದ್ದಳು.

"ಸಣ್ಣದ ಅದರಿ," ಅಂದ ಅಂಬರೀಶ.

"ಮಿಸ್ತ್ರಿ," ಅಂದಳು ಖುರ್ಷೀದಬೇಗಂ, "ಹುಳದ್ದು ಕೇಳ್ಯಾರ."

ಅಂಬರೀಶ ಎರಡೂ ಕಣ್ಣು ಹುಳದ ಮೇಲೆ ನೆಟ್ಟ. "ನೂಲಿನಂಗ ಇಲ್ಲರಿ ಆಯಿ. ದಾರ ಕಟ್ಟಿ ಜಗ್ಗಿದಂಗ ಅಲ್ಲೇ ಒಂದು ಬಿಗಿ, ಅಷ್ಟೇ. ಹಿಂದ ಹೊಟ್ಟಿ ಗುಂಡಗ."

"ಬಣ್ಣ?"

"ಕಪ್ಪು," ಅಂದ ಅವನು.

"ಕೆಂಪು," ಅಂದಳು ಅವಳು.

"ಕಪ್ಪು ಅದರಿ ಮೇಡಂ. ಸಾಫ್ ಕಾಣ್ತದ."

"ನಾ ದಿನಾ ದಾರದ ಬಣ್ಣ ಕೂಡಿಸಾಕಿ. ನನಗ ಬಣ್ಣ ಕಲಿಸಬ್ಯಾಡ್ರಿ."

ಅವಳು ನಿಂತದ್ದು ಹುಳದ ಮುಖದ ಕಡೆ, ಅವನು ನಿಂತದ್ದು ಬಾಲದ ಕಡೆ. ಅದು ಇಬ್ಬರಿಗೂ ಹೊಳೆಯಲಿಲ್ಲ. ಕಣ್ಣು ಕಾಣದ ಆಯಿಗೆ ಹೊಳೆಯಿತು.

"ಇಬ್ಬರೂ ಒಂದೇ ಕಡಿ ನಿಂತು ನೋಡ್ರಿ," ಅಂದಳು.

ಮಷಿನ್‌ಗೂ ಗೋಡೆಗೂ ನಡುವೆ ಇದ್ದದ್ದು ಒಬ್ಬರು ಅಡ್ಡ ನಿಲ್ಲುವಷ್ಟು ಜಾಗ. ಪರಿಮಳಾ ಸರಿದಳು. ಅಂಬರೀಶ ಬುಟ್ಟಿಯಿಂದ ಕಾಲು ಬಿಡಿಸಿಕೊಂಡು, ಉಸಿರು ಒಳಗೆ ಎಳೆದುಕೊಂಡು ಅವಳ ಪಕ್ಕ ಬಂದ. ಅವನ ಅಂಗಿಯಿಂದ ಮಷಿನ್ ಎಣ್ಣೆಯ ವಾಸನೆ ಬಂತು. ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ ಅದು. ಇವತ್ತು ಅದು ಬೇರೆ ಕಡೆಯಿಂದ ಬಂದಂತೆ ಅನ್ನಿಸಿತು.

"ತಲಿ ಕೆಂಪು," ಅಂದಳು ಮೆಲ್ಲಗೆ. "ಇಟ್ಟಂಗಿ ಕೆಂಪು."

"ಮೀಸಿ ಬುಡಕ್ಕ ಕೆಂಪು, ತುದಿಗೆ ಕಪ್ಪು."

"ಎದಿ ಕಪ್ಪು. ಹೊಟ್ಟಿ ಮೊದಲನೇ ತುಂಡು ಕೆಂಪು..."

"ಅಲ್ಲಿಂದ ಹಿಂದ ಎಲ್ಲಾ ಕಪ್ಪು. ನಾ ಹೇಳಿದ್ದು ಅದೇ."

"ಕಣ್ಣು ನೋಡ್ರಿ, ಗೋಡಂಬಿ ಇಟ್ಟಂಗ ಒಳಗ ಬಾಗ್ಯಾವ."

"ರೆಕ್ಕಿ ಹೊಗಿ ಬಣ್ಣ," ಅಂದ ಅವನು. "ಬಿಸಿಲು ಬಿದ್ದಲ್ಲಿ ನೀಲಿ."

"ಕೂತಾಗ ಉದ್ದುದ್ದ ಮಡಚೇದ ಆಯಿ. ಸೀರಿ ನಿರಿಗಿ ಹಿಡದಂಗ."

ಆಯಿ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡಳು. "ಗೌಂಡಿ ಹುಳ. ಗ್ವಾಡಿ ಕಟ್ಟೋ ಗೌಂಡಿ ಇದ್ದಂಗ. ಕೆಂಪು ಕಪ್ಪು ಗೌಂಡಿ. ಇದು ಗಡಗಿ ಮಾಡಂಗಿಲ್ಲ, ತೂತು ಕೊರಿಯಂಗಿಲ್ಲ. ಇದ್ದ ತೂತು ಹುಡುಕಿ, ಒಳಗ ಗ್ವಾಡಿ ಕಟ್ಟಿ, ತತ್ತಿ ಇಟ್ಟು, ಮರಿಗೆ ಬುತ್ತಿ ತುಂಬಿ ಬಾಗಲಾ ಮುಚ್ಚತದ. ಮುಟ್ಟದಿದ್ರ ಹೊಡಿಯಂಗಿಲ್ಲ. ಮನಿಗೆ ಬಂದ ಬಸುರಿ ಅದು. ಮರಿ ಹೊರಗ ಬೀಳೂತನಕ ಅದರ ಮನಿ ಒಡಿಬಾರದು, ಅಲುಗಾಡಿಸಬಾರದು. ನಮ್ಮ ಅತ್ತಿ ಕಾಲದಿಂದ ನಡದು ಬಂದದ್ದು."

"ಮೋಟರ್?" ಅಂದ ಅಂಬರೀಶ.

"ಚೀಲದಾಗ ಇರಲಿ."

"ತುಳಿಯೋದು?" ಅಂದಳು ಪರಿಮಳಾ.

"ತುಳಿದ್ರ ಅಲುಗಾಡ್ತದಲ್ಲ."

"ಅರೇ, ನನ್ನ ಮಗಳ ನಿಕಾಹ್," ಅಂದಳು ಖುರ್ಷೀದಬೇಗಂ, ಗಂಟನ್ನು ಎದೆಗೆ ಅವಚಿಕೊಂಡು.

ಹುಳ ತನ್ನ ಉಂಡೆಯನ್ನು ತೂತಿನೊಳಗೆ ಒಯ್ದು, ಹೊರಬಂದು, ಕಿಟಕಿಯಿಂದ ನೀರಿನ ತೊಟ್ಟಿಯ ಕಡೆ ಹಾರಿತು.

"ನನ್ನ ಹತ್ರ ಒಂದು ಕೈ ಮಷಿನ್ ಅದ," ಅಂದ ಅಂಬರೀಶ. ಹೇಳಿದ್ದು ಖುರ್ಷೀದಬೇಗಂಗೆ, ನೋಡಿದ್ದು ಬೇರೆ ಕಡೆ. "ನಾಳಿಗೆ ತರ್ತೀನಿ. ಮರಿ ಹೋಗೂತನಕ ಇಟ್ಕೊಳ್ರಿ."

ಹೊರಟವನನ್ನು ಆಯಿ ಕರೆದಳು. "ತಮ್ಮಾ, ಇನ್ನೊಂದು ಅದ. ಗೌಂಡಿಯ ಮೊದಲ ಮಣ್ಣು ಯಾರು ಕಣ್ಣಾರೆ ಕಂಡಾರೋ, ಅವರೇ ಮರಿ ಹೊರಗ ಬೀಳೋದನ್ನೂ ಕಾಣಬೇಕು. ಇಲ್ಲಂದ್ರ ಕಂಡವರ ಮನಿ ಅರ್ಧಕ್ಕ ನಿಲ್ತದ. ನೀವಿಬ್ಬರೂ ಕಂಡೀರಿ."

ಖುರ್ಷೀದಬೇಗಂ ಏನೋ ಅನ್ನಲು ಬಾಯಿ ತೆರೆದಳು. ಆಯಿ ಅವಳ ಕಡೆ ಮುಖ ತಿರುವಿದಳು. ಅವಳು ಬಾಯಿ ಮುಚ್ಚಿಕೊಂಡಳು.

ಮರುದಿನ ಕೈ ಮಷಿನ್ ಬಂತು. ಅಂಬರೀಶ ಅದಕ್ಕೆ ಹಳೆಯ ಶಾಲು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ.

"ಕಂಡಕ್ಟರ್ ಕೂಸಿಗೂ ಟಿಕೆಟ್ ತಗೋ ಅಂದ," ಅಂದ.

"ಕೂಸು ಯಾರ ಹಂಗ ಅದ ಅಂದ್ರಿ?"

"ಇನ್ನೂ ಬಣ್ಣ ನೋಡಿಲ್ಲ ಅಂದೆ."

ಕೈ ಮಷಿನ್ ಎಂದರೆ ಬಲಗೈ ಹಿಡಿಕೆ ತಿರುವಬೇಕು, ಎಡಗೈ ಒಂದೇ ಬಟ್ಟೆ ನಡೆಸಬೇಕು. ಸಾದಾ ಬಟ್ಟೆಯಾದರೆ ನಡೆದೀತು. ಸಬಾಳದು ಜರಿ ಹಚ್ಚಿದ, ಮೀನಿನಂತೆ ಜಾರುವ ಬಟ್ಟೆ. ಪರಿಮಳಾಳ ಹೊಲಿಗೆ ಎಂದೂ ಸೊಟ್ಟ ಹೋದದ್ದಲ್ಲ. ಆ ದಿನ ಹೋಯಿತು. ಅವಳು ತುಟಿ ಕಚ್ಚಿ ಬಿಚ್ಚತೊಡಗಿದಳು.

ಅಂಬರೀಶ ನೋಡಿದ. ಚಾಪೆಯ ಮೇಲೆ ಎದುರಿಗೆ ಕೂತ. "ನಾ ತಿರುವತೀನಿ. ನೀವು ಎರಡೂ ಕೈಲೆ ಬಟ್ಟಿ ಹಿಡೀರಿ."

"ನಿಧಾನ," ಅಂದಳು ಅವಳು. ಅವನು ನಿಧಾನ ಮಾಡಿದ. "ಈಗ ಜೋರು." ಜೋರು ಮಾಡಿದ. "ನಿಂದ್ರಿ." ನಿಲ್ಲಿಸಿದ. ಸಂಜೆಯ ಬಸ್ಸಿನ ಹೊತ್ತಿಗೆ ಒಂದು ಕುಪ್ಪಸ ಮುಗಿದಿತ್ತು.

ಆಮೇಲೆ ಅಂಬರೀಶ ಬರತೊಡಗಿದ. ಸುರಪುರದ ಕಡೆ ರಿಪೇರಿ ಇದ್ದಾಗಲೆಲ್ಲ ರಂಗಂಪೇಟೆಗೆ ಒಂದು ಹೆಜ್ಜೆ. ಆ ಕಾರ್ತೀಕದಲ್ಲಿ ಸುರಪುರದ ಕಡೆಯ ಮಷಿನ್‌ಗಳು ಬಹಳ ಕೆಟ್ಟವು.

ಬಂದವನು ಮೊದಲು ಗೋಡೆಯ ಸಂದಿಗೆ ಹೋಗಿ ಗೌಂಡಿಯನ್ನು ನೋಡುವನು. ಅವನ ಹಿಂದೆ ಪರಿಮಳಾ ಹೋಗುವಳು. ಹುಳ ತೊಗರಿ ಹೊಲದ ಕಡೆಯಿಂದ ಹಸಿರು ಹುಳವೊಂದನ್ನು ಹೊಟ್ಟೆಯ ಕೆಳಗೆ ಅವಚಿ ತರುತ್ತಿತ್ತು. ತನಗಿಂತ ಉದ್ದದ್ದನ್ನು ತಲೆ ಮೊದಲು ಮಾಡಿ ತೂತಿಗೆ ಇಳಿಸುತ್ತಿತ್ತು. ಅವರಿಬ್ಬರೂ ಉಸಿರು ಬಿಡದೆ ನೋಡುವರು. ಹುಳ ಹಾರಿಹೋದ ಮೇಲೂ ಸ್ವಲ್ಪ ಹೊತ್ತು ಉಸಿರು ಬಿಡುತ್ತಿರಲಿಲ್ಲ.

ಒಂದು ದಿನ ತೂತಿನ ಬಾಯಿ ಮುಚ್ಚಿತ್ತು. ಮೇಲೆ ಮಣ್ಣು ಮೆತ್ತಿ ನುಣ್ಣಗೆ ಕರಣಿ ಆಡಿಸಿದಂತಿತ್ತು.

"ಗಿಲಾವ್ ಮಾಡೇ ಹೋಗ್ಯದ," ಅಂದ ಅಂಬರೀಶ. "ನಮ್ಮ ಶಹಾಪುರದ ಗೌಂಡಿಗಳು ಇದನ್ನ ಬಂದು ನೋಡಬೇಕು."

"ತಾಯಿ ಮತ್ತ ಬರಂಗಿಲ್ಲೇನು ಆಯಿ?" ಅಂದಳು ಪರಿಮಳಾ.

"ಇಲ್ಲವ್ವ. ಬುತ್ತಿ ಕಟ್ಟಿಟ್ಟು ಹೋಗ್ಯಾಳ. ಅಷ್ಟೇ ಅವಳ ಪಾಲಿನ ಕೆಲಸ."

ಪರಿಮಳಾ ಮಷಿನ್‌ನ ತಣ್ಣನೆಯ ಕಬ್ಬಿಣದ ಮೇಲೆ ಕೈ ಇಟ್ಟಳು. ಅಂಬರೀಶ ಅದನ್ನು ಕಂಡ. ಚಾಪೆಗೆ ಹೋಗಿ ಹಿಡಿಕೆ ಹಿಡಿದು ಕೂತ. ಅವಳಿಗೆ ಅದು ಹಿಡಿಸಿತು.

ಈಗ ಅವಳು ನಿಧಾನ, ಜೋರು ಎಂದು ಹೇಳಬೇಕಾಗುತ್ತಿರಲಿಲ್ಲ. ಯಾವಾಗಿನಿಂದ ಎಂದು ಅವಳಿಗೇ ತಿಳಿಯದು. ಕುತ್ತಿಗೆಯ ತಿರುವು ಬಂದರೆ ಮಷಿನ್ ತಾನೇ ಮೆಲ್ಲಗಾಗುತ್ತಿತ್ತು, ನೇರ ಅಂಚು ಬಂದರೆ ಓಡುತ್ತಿತ್ತು. ಅವಳು ಲಕ್ಷ್ಯ ಕೊಟ್ಟು ನೋಡಿದಳು. ಅವನು ನೋಡುತ್ತಿದ್ದದ್ದು ಅವಳ ಕಿರುಬೆರಳು. ತಿರುವು ಬಂದಾಗ ಅದು ಬಟ್ಟೆಯಿಂದ ಮೇಲೆ ಏಳುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಪರೀಕ್ಷೆ ಮಾಡಬೇಕೆನ್ನಿಸಿತು. ನೇರ ಅಂಚಿನ ನಡುವೆ ಸುಮ್ಮನೆ ಕಿರುಬೆರಳು ಎತ್ತಿದಳು. ಮಷಿನ್ ಮೆಲ್ಲಗಾಯಿತು. ಇಳಿಸಿದಳು. ಓಡಿತು. ಮತ್ತೆ ಎತ್ತಿದಳು.

ಹಿಡಿಕೆ ನಿಂತಿತು.

"ಇಲ್ಲಿ ತಿರುವು ಇಲ್ಲ," ಅಂದ ಅವನು.

"ಗೊತ್ತದ."

"ಹಂಗಾರ ಬೆರಳು ಯಾಕ ಎದ್ದದ?"

"ಅದನ್ನೇ ಕೇಳ್ರಿ."

ಅವನು ತಲೆ ಎತ್ತಿದ. ಅವಳು ಇಳಿಸಲಿಲ್ಲ. ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತಿತ್ತು. ಹೊರಸಿನ ಮೇಲೆ ಆಯಿ ಕೆಮ್ಮಿದಳು, ಅವಳಿಗೆ ಕೆಮ್ಮೇನೂ ಇರಲಿಲ್ಲ.

ಸಬಾಳ ನಿಕಾಹ್ ಚೆನ್ನಾಗಿ ಆಯಿತು. ಎಲ್ಲರೂ ಬಟ್ಟೆ ಮುಟ್ಟಿ ಮುಟ್ಟಿ ನೋಡಿದರು. "ಇದರಾಗ ಇಬ್ಬರ ಕೈ ಅದ," ಎಂದು ಖುರ್ಷೀದಬೇಗಂ ಬಂದವರಿಗೆಲ್ಲ ಹೇಳಿದಳು.

ಅದೇ ವಾರ ಭಗವಂತರಾಯ ಬಂದ. ಆ ವಾರ ಬರುತ್ತೇನೆಂದು ಬಾರದೇ ಉಳಿದ ಯಾದಗಿರಿಯ ಹುಡುಗ ಆಫೀಸಿನ ಗುಮಾಸ್ತ, ಫೋಟೋ ನೋಡಿಯೇ ಒಪ್ಪಿದ್ದ, ಬರುವ ವಾರ ಮನೆಯವರೊಂದಿಗೆ ಬರುವವನಿದ್ದ.

"ಮಷಿನ್?" ಅಂದಳು ಪರಿಮಳಾ.

"ಗುಮಾಸ್ತನ ಹೆಂಡ್ತಿ ಕುಪ್ಪಸ ಹೊಲೀತಾಳೇನು? ಮಾರಿ ಬಿಡೋಣು. ಆಯೀನ್ನ ನಾ ಶಹಾಪುರಕ್ಕ ಕರಕೊಂಡು ಹೋಗ್ತೀನಿ."

"ನಾ ಏನು ಗಂಟು ಮೂಟಿಯೇನೋ," ಅಂದಳು ಆಯಿ.

"ಮಾಮಾ, ನನಗ ಬ್ಯಾಡ."

"ವಿಚಾರ ಮಾಡು. ಒಮ್ಮೆಲೆ ಬ್ಯಾಡ ಅನಬಾರದು," ಅಂದು ಭಗವಂತರಾಯ ಚಹಾ ಕುಡಿದು ಎದ್ದ. ಅವನು ಕೆಟ್ಟವನಲ್ಲ. ಅಕ್ಕನ ಮಗಳು ಒಂದು ದಡ ಸೇರಲಿ ಎಂದಷ್ಟೇ ಅವನ ಆಸೆ. ಆದರೆ ಅವನಿಗೆ ಹೂಂ ಎಂಬುದು ಮಾತ್ರ ಕೇಳುತ್ತಿತ್ತು.

ಆ ಮೇಲೆ ಅಂಬರೀಶ ಬರಲಿಲ್ಲ.

ಒಂದು ದಿನ ಬಾರದಿದ್ದರೆ ರಿಪೇರಿ ಇರಲಿಲ್ಲ ಅನ್ನಬಹುದು. ಮತ್ತೊಂದು ದಿನಕ್ಕೆ ಬಸ್ ತಪ್ಪಿತು ಅನ್ನಬಹುದು. ಆಮೇಲೆ ಅನ್ನಲು ಏನೂ ಉಳಿಯಲಿಲ್ಲ. ಕೈ ಮಷಿನ್ ಶಾಲು ಹೊದ್ದು ಮೂಲೆಯಲ್ಲಿ ಕೂತಿತ್ತು. ಪರಿಮಳಾ ಅದನ್ನು ಒಬ್ಬಳೇ ತಿರುವಿ ಹೊಲಿದಳು. ಹೊಲಿಗೆ ಸೊಟ್ಟ ಹೋಗಲಿಲ್ಲ. ಅದಕ್ಕೇ ಸಿಟ್ಟು ಬಂತು.

"ಥಂಡಿ ಬಿದ್ದದ, ಮರಿ ತಡಾ ಮಾಡ್ತದ," ಅಂದಳು ಆಯಿ.

"ನಾ ಮರಿದು ಕೇಳಿಲ್ಲ."

"ನಾನೂ ಮರಿದೇ ಹೇಳಿದೆ ಅಂತ ಯಾಕ ತಿಳೀತಿ?"

ಕಾರ್ತೀಕದ ಅಮಾವಾಸ್ಯೆ ಆದ ಮೇಲೆ ಒಂದು ಬೆಳಿಗ್ಗೆ, ಪರಿಮಳಾ ಕಸ ಗುಡಿಸುತ್ತ ಮಷಿನ್ ಹಿಂದೆ ಬಗ್ಗಿದಾಗ, ಕರ್ ಕರ್ ಎಂದು ಸಣ್ಣ ಸಪ್ಪಳ ಕೇಳಿತು. ಗಿಲಾವಿನ ನಡುವೆ ಒಂದು ಒದ್ದೆ ಚುಕ್ಕೆ. ಒಳಗಿನಿಂದ ಯಾರೋ ಮಣ್ಣು ನೆನೆಸಿ ಕೆರೆಯುತ್ತಿದ್ದರು. ಅವಳು ಕಸಬರಿಗೆ ಹಿಡಿದುಕೊಂಡೇ ಫೋನ್ ಮಾಡಿದಳು.

"ಮಿಸ್ತ್ರಿ. ಬಾಗಲಾ ತಗಿಯಾಕತ್ತದ."

ಆ ಕಡೆ ಬಸ್ ಸ್ಟ್ಯಾಂಡಿನ ಗದ್ದಲ. ಅವನ ಅಂಗಡಿ ಇದ್ದದ್ದು ಅಲ್ಲೇ, ಒಂದು ಮೂಲೆಯಲ್ಲಿ.

"ನೀವು ಮೊದಲ ಮಣ್ಣು ಕಂಡವ್ರು," ಅಂದಳು. "ನಿಮ್ಮ ಮನಿ ಅರ್ಧಕ್ಕ ನಿಲ್ಲಬಾರದು ಅಂತ ಹೇಳೇನಿ. ಬರೋದು ಬಿಡೋದು ನಿಮ್ಮದು."

ಅವನು ಬಂದಾಗ ಮುಖದ ಮೇಲೆ ಧೂಳು, ಅಂಗಿಗೆ ಇಸ್ತ್ರಿ ಇರಲಿಲ್ಲ. ಅವಳ ಕಡೆ ನೋಡದೆ ಸಂದಿಗೆ ಹೋದ. ಅವಳೂ ನೋಡದೆ ಪಕ್ಕದಲ್ಲಿ ನಿಂತಳು. ಚುಕ್ಕೆ ಎಳ್ಳಿನಷ್ಟು ತೂತಾಗಿತ್ತು. ಎಳ್ಳು ಜೋಳವಾಯಿತು. ಕಡೆಗೆ ಒಂದು ತಲೆ ಹೊರಬಂತು.

"ಹೇಳ್ರಿ," ಅಂದಳು ಆಯಿ ಹೊರಸಿನಿಂದ. "ಯಾರು ಬಂದಾರ?"

"ತಲಿ ಕೆಂಪು," ಅಂದ ಅಂಬರೀಶ.

"ಎದಿ ಕಪ್ಪು," ಅಂದಳು ಪರಿಮಳಾ.

"ಹೊಟ್ಟಿ ಮೊದಲನೇ ತುಂಡು ಕೆಂಪು."

"ಹಿಂದ ಕಪ್ಪು. ಮೈ ಸಣ್ಣದ ಆಯಿ, ತಾಯಿಕಿಂತ."

"ಮೀಸಿ ತುದಿ ಕೊಕ್ಕಿಯಂಗ ಬಾಗ್ಯದೇನು?"

ಇಬ್ಬರೂ ಒಟ್ಟಿಗೆ ಬಗ್ಗಿದರು. ತಲೆಗೆ ತಲೆ ತಾಗಿತು. "ಬಾಗ್ಯದ," ಅಂದರು.

"ಗಂಡು. ಗಂಡು ಮೊದಲು ಬರ್ತದ," ಅಂದಳು ಆಯಿ, ಗೋಡೆ ಕಡೆ ಮಗ್ಗಲು ತಿರುವಿ ಹೊದ್ದುಕೊಂಡಳು.

ಮರಿ ಒದ್ದೆ ರೆಕ್ಕೆ ಬಿಡಿಸಿತು, ನಿರಿಗೆ ಹಿಡಿದು ಮಡಚಿತು, ಮತ್ತೆ ಬಿಡಿಸಿತು. ಕಿಟಕಿಯ ಬಿಸಿಲಿನಲ್ಲಿ ಒಮ್ಮೆ ನೀಲಿ ಮಿಂಚಿ ಹೋಯಿತು.

ಇನ್ನು ನಿಲ್ಲಲು ಕಾರಣ ಇರಲಿಲ್ಲ. ಪರಿಮಳಾ ಸಂದಿಯಿಂದ ಹೊರಬಂದಳು. "ಮೋಟರ್ ತಂದೀರೇನು?"

"ತಂದೇನಿ."

"ಕೂಡಿಸ್ರಿ ಹಂಗಾರ. ಕೈ ಮಷಿನ್ನೂ ಒಯ್ರಿ."

ಅವನು ಚೀಲದಿಂದ ಮೋಟರ್ ತೆಗೆದ. ಅರಿವೆಯಿಂದ ಮಣ್ಣು ಒರೆಸಿದ. ಮೊಬೈಲ್ ಟಾರ್ಚ್ ಹಚ್ಚಿ ತೂತಿನೊಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಕೂಡಿಸಾಕ ಬರಂಗಿಲ್ಲ."

"ಯಾಕ?"

"ಒಳಗ ಇನ್ನೊಂದು ಗ್ವಾಡಿ ಅದ."

"ಸುಳ್ಳು."

"ನೋಡ್ರಿ ಬೇಕಾರ."

ಅವಳು ಅವನ ಕೈಯಿಂದ ಮೊಬೈಲ್ ಕಸಿದು ನೋಡಿದಳು. ಆಳದಲ್ಲಿ, ಕತ್ತಲೆಯ ಕೊನೆಗೆ, ನುಣ್ಣನೆಯ ಮಣ್ಣಿನ ಇನ್ನೊಂದು ಬಾಗಿಲು ಮುಚ್ಚಿಕೊಂಡಿತ್ತು. ಅವಳಿಗೆ ನಗು ಬಂತು. ತಡೆದಷ್ಟೂ ಬಂತು.

"ನಕ್ಕಿರಿ," ಅಂದ ಅವನು.

"ಹೂಂ."

"ಮಾರೋ ಮಷಿನ್‌ದಾಗ ಇನ್ನೊಂದು ಮರಿ ಸಿಕ್ರ ಸಿಟ್ಟು ಬರಬೇಕು. ನಗು ಯಾಕ ಬಂತು?"

"ಯಾರು ಅಂದ್ರು ಮಾರ್ತೀನಂತ?"

"ನಿಮ್ಮ ಮಾಮಾ. ನನ್ನ ಅಂಗಡಿಗೇ ಬಂದಿದ್ರು. ಹುಡುಗಿ ಲಗ್ನ ಯಾದಗಿರಿಗೆ ಗಟ್ಟಿ ಆಗ್ಯದ, ಹಳೀ ಮಷಿನ್‌ಗೆ ಏನು ಬರ್ತದ ಹೇಳು ಅಂದ್ರು."

"ನೀವೇನಂದ್ರಿ?"

"ಅದರಾಗ ಬಾಣಂತಿ ಮನಿ ಅದ, ರೇಟ್ ಕಟ್ಟಾಕ ಬರಂಗಿಲ್ಲ ಅಂದೆ."

ಪರಿಮಳಾ ಅವನ ಮುಖವನ್ನು ನೇರ ನೋಡಿದಳು. "ಅವರಿಗೆ ಅಷ್ಟು ಹೇಳಿದವ್ರು ನನ್ನ ಒಂದು ಮಾತು ಕೇಳಾಕ ಯಾಕ ಬರಲಿಲ್ಲ?"

"ಅಂಜಿಕಿ."

"ಕಡಜದಷ್ಟು?"

"ಕಡಜ ಹೊಡದ್ರ ನಾಲ್ಕು ದಿವಸಕ್ಕ ಬಾವು ಇಳೀತದ."

ಓಣಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. ಕೊರಳ ಗಂಟೆಗಳು ದೂರವಾದವು.

"ಮಾಮಾಗ ನಾ ಬ್ಯಾಡ ಅಂದೇನಿ," ಅಂದಳು ಪರಿಮಳಾ. "ಯಾರಿಗೇ ಆಗಲಿ, ನಂದು ಒಂದೇ ಮಾತು. ಈ ಮಷಿನ್ ಬಿಟ್ಟು ನಾ ಎಲ್ಲೀಗೂ ಬರಂಗಿಲ್ಲ. ಆಯೀನೂ ಬಿಡಂಗಿಲ್ಲ."

"ಮೊದಲ ದಿವಸ ಕೇಳೇನಿ."

"ಉತ್ತರ?"

"ಅವತ್ತೇ ಕೊಟ್ಟೇನಲ್ಲ. ಒಪ್ಪಿಗಿ ಅದರಿ ಅಂತ."

"ಅವತ್ತು ನೀವು ಮೋಟರ್ ಕೂಡಿಸಾಕ ಬಂದಿದ್ರಿ."

"ಮೋಟರ್ ಮಾತು ಆಮ್ಯಾಲ ಹೇಳಿದ್ದು," ಅಂದ ಅಂಬರೀಶ. "ಒಪ್ಪಿಗಿ ಮೊದಲು ಹೇಳೇನಿ. ಬೇಕಾರ ಆಯೀನ್ನ ಕೇಳ್ರಿ."

ಹೊರಸಿನ ಮೇಲೆ ಹೊದಿಕೆ ಅಲುಗಿತು.

ಪರಿಮಳಾ ಕೇಳಬೇಕಾದ್ದನ್ನು ಕೇಳಿಯೇ ಬಿಟ್ಟಳು. "ಮಂದಿ ಮನಿಯಳಿಯ ಅಂತಾರ. ಹೆಂಡ್ತಿ ಮನಿ ಸೇರ್ಯಾನ ಅಂತ ಆಡ್ಕೋತಾರ. ತಡಕೋತೀರೇನು?"

"ಈ ಗೌಂಡಿ ತಾ ತೂತು ಕೊರದದೇನು? ಇದ್ದ ತೂತಿಗೆ ಹುಡುಕ್ಕೊಂಡು ಬಂದು ಸಂಸಾರ ಮಾಡೇದ. ಅದರ ಗಿಲಾವಿಗೆ ಏನು ಕಡಿಮಿ ಆಗ್ಯದ?" ಅವನು ಮೋಟರನ್ನು ಮತ್ತೆ ಚೀಲಕ್ಕೆ ಹಾಕಿದ. "ಅಣ್ಣನ ಮನ್ಯಾಗ ನಾ ಒಂದು ಮೂಲಿ. ಬಸ್ ಸ್ಟ್ಯಾಂಡಿನಾಗ ಒಂದು ಮೂಲಿ. ಇಲ್ಲಿ ಗ್ವಾಡಿಗೂ ಮಷಿನ್‌ಗೂ ನಡುವ ಜಾಗ ಸಣ್ಣದೇ ಅದ. ಆದ್ರ ಅದರಾಗ ನಿಂತಾಗ ನನಗ ಜಾಗ ಕಡಿಮಿ ಅನಿಸಿಲ್ಲ, ಪರಿಮಳಾ."

ಮೇಡಂ ಅನ್ನಲಿಲ್ಲ. ಅವಳು ಅದನ್ನು ಗಮನಿಸಿದಳು. ಕಿರುಬೆರಳು ಎತ್ತಿದಳು. ಅವನು ಆ ಬೆರಳನ್ನು ತನ್ನ ಎಣ್ಣೆಯ ಕೈಯಲ್ಲಿ ಹಿಡಿದುಕೊಂಡ.

"ತಮ್ಮಾ," ಅಂದಳು ಆಯಿ ಹೊದಿಕೆಯೊಳಗಿಂದ, "ಚಾ ಕುಡದು ಹೋಗು. ಇನ್ನೊಂದು ಮರಿ ಅದ, ಮತ್ತ ಬರಬೇಕಾಗ್ತದ."

ಎರಡನೆಯದು ಹೊರಬಿದ್ದದ್ದು ಕೆಲವು ದಿನ ಬಿಟ್ಟು. ಹೆಣ್ಣು, ಮೀಸೆ ನೆಟ್ಟಗಿತ್ತು, ಮೈ ದಪ್ಪ, ತಾಯಿಯದೇ ಕೆಂಪು. ಆ ದಿನವೂ ಇಬ್ಬರೂ ಸಂದಿಯಲ್ಲಿ ನಿಂತು ಕಂಡರು. ಅದು ಹೋದ ಮೇಲೆ ಅಂಬರೀಶ ಮೋಟರ್ ಕೂಡಿಸಿದ. ಕಿಟಕಿಯ ಚೌಕಟ್ಟಿಗೆ ಬಿದಿರಿನ ಪೊಳ್ಳು ತುಂಡೊಂದನ್ನು ತಂತಿಯಿಂದ ಕಟ್ಟಿದ. ತೂತು ಕಸಿದುಕೊಂಡ ಮೇಲೆ ಮುಂದಿನ ಸಲ ಬರುವವಳಿಗೆ ಒಂದು ಜಾಗ ಬೇಕಲ್ಲ.

ಯಾದಗಿರಿಯವರಿಗೆ ಬೇಡವೆಂದು ಹೇಳಿ ಕಳಿಸಬೇಕಾಯಿತೆಂದು ಭಗವಂತರಾಯ ಒಂದು ವಾರ ಮುನಿಸಿಕೊಂಡ. ಆಮೇಲೆ ಬಂದು ಅಂಬರೀಶನಿಗೆ, "ಮಷಿನ್ ರೇಟ್ ಕೇಳಾಕ ಹೋದ್ರ ಹುಡುಗೀನ್ನೇ ಹೊಡಕೊಂಡು ಹೋದ್ಯಲ್ಲೋ," ಅಂದ.

"ಎಲ್ಲೀಗೂ ಒಯ್ದಿಲ್ಲ ಮಾಮಾ," ಅಂದಳು ಪರಿಮಳಾ. "ಅವರೇ ಬರಾಕತ್ಯಾರ."

ಮಾಘದಲ್ಲಿ, ಬುದ್ಧ ವಿಹಾರದಲ್ಲಿ, ಬಿಳಿ ಬಟ್ಟೆಯಲ್ಲಿ ಮದುವೆಯಾಯಿತು. ಅವಳ ಕುಪ್ಪಸ, ಅವನ ಅಂಗಿ ಎರಡನ್ನೂ ಕೈ ಮಷಿನ್ ಮೇಲೆ ಹೊಲಿದದ್ದು, ಒಬ್ಬರು ಬಟ್ಟೆ ಹಿಡಿದು ಒಬ್ಬರು ತಿರುವಿ. ಅಂಬರೀಶ ಎಲ್ಲ ಫೋಟೋದಲ್ಲೂ ಇದ್ದ. ಊಟದ ಹೊತ್ತಿಗೆ ಖುರ್ಷೀದಬೇಗಂ ಆಯಿಯ ಪಕ್ಕ ಕೂತು ಕಿವಿಯಲ್ಲಿ ಕೇಳಿದಳು: "ಮೋನಮ್ಮ, ಬಾಜೂ ಮನ್ಯಾಗ ಇದ್ದು ತಲಿ ಬೆಳ್ಳಗಾತು ನಂದು. ಹುಳದ ಮನಿ ಒಡಿಬಾರದು ಅಂತ ಕೇಳೇನಿ. ಮೊದಲ ಮಣ್ಣು ಕಂಡವ್ರು ಮತ್ತ ಬರಬೇಕು ಅನ್ನೋದು ಎಂದೂ ಕೇಳಿಲ್ಲ."

"ನಾನೂ ಕೇಳಿರಲಿಲ್ಲ," ಅಂದಳು ಆಯಿ. "ಹೋಳಿಗಿ ನೀಡು."

ಮದುವೆಯ ಮೇಲೆ ಅಂಬರೀಶ ಶಹಾಪುರಕ್ಕೆ ಹೋಗಿ, ಕೈಯಲ್ಲಿದ್ದ ರಿಪೇರಿಯೆಲ್ಲ ಮುಗಿಸಿ, ಬಸ್ ಸ್ಟ್ಯಾಂಡಿನ ಮೂಲೆಯ ಬೋರ್ಡು ಬಿಚ್ಚಿದ. ಅಣ್ಣನ ಹೆಂಡತಿ ಬುತ್ತಿ ಕಟ್ಟಿಕೊಟ್ಟು, "ಯಾವಾಗ ಬರ್ತೀ?" ಅಂದಳು. ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಕೇಳುವ ಮಾತು ಅದು. ಅವನು ನಕ್ಕು, "ನಾಗರ ಪಂಚಮಿಗೆ ಕರಿಯಾಕ ಬರ್ರಿ," ಅಂದ. ಹೆಗಲಿಗೆ ಸಾಮಾನಿನ ಚೀಲ, ಕಂಕುಳಲ್ಲಿ ಬೋರ್ಡು. ಸುರಪುರದ ಮೊದಲ ಬಸ್ಸಿಗೆ ಅಂಬರೀಶ ಶಹಾಪುರ ಬಿಟ್ಟ.